ಎರರ್ ಬಂದಾಗ ಮೇಷ್ಟ್ರು ಏನು ಮಾಡುತ್ತಾರೆ?

(ದೃಶ್ಯ: ಎಸ್‌ಪಿ ರೋಡ್. ಅಂಗಡಿ ಮುಂದೆ ನೇತಾಡುವ ಕೇಬಲ್ ಸುರುಳಿಗಳು.)

ನಮಸ್ಕಾರ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ ಎಸ್‌ಪಿ ರೋಡಿನಲ್ಲಿ ನೆಟ್‌ವರ್ಕ್ ಕೇಬಲ್ ಕೇಳಿ ನೋಡಿ. ಅಂಗಡಿ ಹುಡುಗ ನಿಮ್ಮ ಜೊತೆ ಮಾತಾಡುತ್ತಲೇ ಎಂಟು ತಂತಿ ಜೋಡಿಸಿ, ತುದಿಗೆ ಕನೆಕ್ಟರ್ ಒತ್ತಿ, ಕೈಗೆ ಕೊಡುತ್ತಾನೆ. ಡಿಪ್ಲೊಮಾದಲ್ಲಿ ನಾನು ಆ ಎಂಟು ಬಣ್ಣಗಳನ್ನು ಮಗ್ಗಿ ಥರ ಬಾಯಿಪಾಠ ಮಾಡಿ ಹತ್ತಕ್ಕೆ ಹತ್ತು ತೆಗೆದಿದ್ದೆ. ಆದರೆ ಮೊದಲ ಕೆಲಸದಲ್ಲಿ ನಾನು ಒತ್ತಿದ ಕೇಬಲ್ ಒಂದೇ ವಾರಕ್ಕೆ ಕೈಕೊಟ್ಟಿತು.

(ಕ್ಲೋಸಪ್: ಕನೆಕ್ಟರ್.)

ಬಣ್ಣಗಳ ಕ್ರಮ ಸರಿಯಾಗಿಯೇ ಇತ್ತು. ಹೊರಗಿನ ಸಿಪ್ಪೆಯನ್ನು ಜಾಸ್ತಿ ಸುಲಿದಿದ್ದೆ. ಕನೆಕ್ಟರ್ ಹಿಂಭಾಗ ಆ ಸಿಪ್ಪೆಯನ್ನೂ ಕಚ್ಚಿ ಹಿಡಿಯಬೇಕು. ಇಲ್ಲದಿದ್ದರೆ ಎಳೆದಾಟವೆಲ್ಲ ತಂತಿಗಳ ಮೇಲೆಯೇ ಬೀಳುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಮಗೆ ಪಾಠ ಮಾಡಿದವರು ಒಂದಾದರೂ ಕೇಬಲ್ ಒತ್ತಿದ್ದರೋ ಇಲ್ಲವೋ!

ಕೆಲಸಕ್ಕೆ ಬೇಕಾದ ಕೌಶಲ ಕಲಿಸುವ ಕಮ್ಯುನಿಟಿ ಕಾಲೇಜಿನ ಕಂಪ್ಯೂಟರ್ ಕೋರ್ಸ್‌ಗಳಲ್ಲಿ ಕಲಿಸುವವರ ಕೈ ಪಳಗಿರಬೇಕು ಅನ್ನುವುದು ಇದಕ್ಕೇ. ಅಮೆರಿಕದಲ್ಲಿ ಇವು ಹೆಚ್ಚಾಗಿ ಎರಡು ವರ್ಷದ ಕಾಲೇಜುಗಳು. ಹಗಲು ಕಂಪನಿ ಕೆಲಸ, ಸಂಜೆ ಪಾಠ ಅನ್ನುವ ಅರೆಕಾಲಿಕ ಮೇಷ್ಟ್ರುಗಳು ಅಲ್ಲಿ ತುಂಬಾ ಜನ. ನಮ್ಮಲ್ಲೂ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2013ರ ಹೊತ್ತಿಗೆ ಕಮ್ಯುನಿಟಿ ಕಾಲೇಜು ಯೋಜನೆ ತಂದಿತು. 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ ಬಂತು. ತಮ್ಮ ಕಸುಬಿನಲ್ಲಿ 15 ವರ್ಷ ಪಳಗಿದ ಪರಿಣತರು ಪಿಎಚ್‌ಡಿ ಇಲ್ಲದೆಯೂ ಪಾಠ ಮಾಡಬಹುದು. ಆದರೆ ಇಂಥವರು ಮಂಜೂರಾದ ಹುದ್ದೆಗಳ 10 ಶೇಕಡಾ ಮೀರುವಂತಿಲ್ಲ.

(ದೃಶ್ಯ: ಕಪ್ಪು ಪರದೆ, ಮಿನುಗುವ ಕರ್ಸರ್.)

ಡೇಟಾಬೇಸ್, ಅಂದರೆ ಮಾಹಿತಿಯನ್ನು ಟೇಬಲ್‌ಗಳಲ್ಲಿ ಜೋಡಿಸಿಡುವ ವ್ಯವಸ್ಥೆ, ಅದರ ಕ್ಲಾಸಿಗೆ ಬನ್ನಿ. ಡಿಲೀಟ್ ಕಮಾಂಡ್‌ನಲ್ಲಿ ‘ವೇರ್’, ಅಂದರೆ ಯಾವ ಸಾಲು ಅನ್ನುವ ಷರತ್ತು, ಬಿಟ್ಟರೆ ಟೇಬಲ್‌ನ ಸಾಲುಗಳೆಲ್ಲ ಹೋಗುತ್ತವೆ. ಇದು ಪುಸ್ತಕದಲ್ಲೇ ಇದೆ. ಕಂಪನಿಯಲ್ಲಿ ಒಮ್ಮೆ ಕೈ ಸುಟ್ಟುಕೊಂಡವರು ಮಾತ್ರ ನೇರವಾಗಿ ಡಿಲೀಟ್ ಟೈಪ್ ಮಾಡುವುದೇ ಇಲ್ಲ. ಮೊದಲು ಅದೇ ಷರತ್ತು ಹಾಕಿ ಸೆಲೆಕ್ಟ್, ಅಂದರೆ ಆ ಸಾಲುಗಳನ್ನು ಬರೀ ತೋರಿಸುವ ಕಮಾಂಡ್. ಮೂರು ಸಾಲು ಬರಬೇಕಿತ್ತು, ಮೂವತ್ತು ಸಾವಿರ ಬಂತಾ? ಸದ್ಯ, ಬಚಾವ್! ಷರತ್ತು ಸರಿಮಾಡಿ, ಆಮೇಲೆ ಟ್ರಾನ್ಸಾಕ್ಷನ್ (ಪಕ್ಕಾ ಮಾಡುವ ತನಕ ವಾಪಸ್ ತೆಗೆದುಕೊಳ್ಳಬಹುದಾದ ಕೆಲಸ) ಶುರು ಮಾಡಿ, ಅದರೊಳಗೆ ಡಿಲೀಟ್, ಎಣಿಕೆ ಸರಿಯಿದ್ದರೆ ಕಮಿಟ್, ಅಂದರೆ ಪಕ್ಕಾ. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ನಲ್ಲಿ ನಾವಾಗಿ ಟ್ರಾನ್ಸಾಕ್ಷನ್ ಶುರು ಮಾಡದಿದ್ದರೆ ಪ್ರತಿ ಕಮಾಂಡೂ ಆಗಿಂದಾಗಲೇ ಪಕ್ಕಾ ಆಗಿಬಿಡುತ್ತದೆ. ಆಮೇಲೆ ರೋಲ್‌ಬ್ಯಾಕ್ (ಮಾಡಿದ್ದನ್ನು ವಾಪಸ್ ತೆಗೆದುಕೊಳ್ಳುವ ಕಮಾಂಡ್) ಅಂತ ಎಷ್ಟು ಸಲ ಒತ್ತಿದರೂ ಹೋದದ್ದು ಹೋಯಿತು.

ಹಾಗಂತ ಕಂಪನಿಯಿಂದ ಬಂದವರೆಲ್ಲ ಒಳ್ಳೆಯ ಮೇಷ್ಟ್ರು ಅಂತಲ್ಲ. ಅವರ ಬೆರಳು ಓಡುತ್ತದೆ, ಬಾಯಿ ಹಿಂದೆ ಬೀಳುತ್ತದೆ. ‘ಇದು ಗೊತ್ತಿರತ್ತಲ್ವಾ’ ಅಂತ ನಾಲ್ಕು ಹೆಜ್ಜೆ ಹಾರಿಬಿಡುತ್ತಾರೆ. ಹಿಂದಿನ ಬೆಂಚಿನ ಹುಡುಗಿ ಒಂದನೇ ಹೆಜ್ಜೆಯಲ್ಲೇ ನಿಂತಿರುತ್ತಾಳೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನವರಿಗೇನು ಬರವಿಲ್ಲ. ಅವರಲ್ಲಿ ನಿಧಾನಕ್ಕೆ ಹೇಳಿಕೊಡುವವರನ್ನು ಹುಡುಕುವುದೇ ಕಷ್ಟ.

ಸೇರುವ ಮುಂಚೆ ಬ್ರೋಷರ್ ಪಕ್ಕಕ್ಕಿಡಿ. ಒಂದು ಲ್ಯಾಬ್ ಕ್ಲಾಸಿನಲ್ಲಿ ಕೂರಲು ಬಿಡಿ ಅಂತ ಕೇಳಿ. ಮೊನ್ನೆ ಅಕ್ಕನ ಮಗನನ್ನು ಹಾಗೇ ಒಂದು ಕಡೆ ಕರೆದುಕೊಂಡು ಹೋಗಿದ್ದೆ. ಪಾಠದ ಮಧ್ಯೆ ಮೇಡಂ ಪ್ರೋಗ್ರಾಂ ನಿಂತುಹೋಯಿತು, ಪರದೆ ತುಂಬಾ ಕೆಂಪು ಅಕ್ಷರ. ಅವರು ಅದನ್ನು ಮುಚ್ಚಲಿಲ್ಲ. ‘ಬನ್ನಿ, ಮೊದಲು ಕೊನೇ ಸಾಲು ಓದೋಣ’ ಅಂದರು. ನಮ್ಮ ಹುಡುಗ ಮೊಬೈಲ್ ಜೇಬಿಗೆ ಹಾಕಿ ಕುರ್ಚಿ ಮುಂದಕ್ಕೆ ಎಳೆದುಕೊಂಡ.