ಒಂದು ಪ್ರಿಂಟರಿಗಾಗಿ ಮನೆಯ ಬೀಗ ತೆಗೆದೆ

ನಮಸ್ಕಾರ. ಮನೆಯ ವೈ-ಫೈ ಬಗ್ಗೆ ರೇಡಿಯೋದಲ್ಲಿ ಮಾತಾಡಿ ಅಂತ ಕರೆದಿದ್ದಾರೆ. ನನ್ನದು ಒಂದೇ ಮಾತು: ರೂಟರಿನ ಸೆಕ್ಯುರಿಟಿ ಸೆಟ್ಟಿಂಗ್, ಅಂದರೆ ವೈ-ಫೈಗೆ ಹಾಕುವ ಬೀಗ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ, ಅದಕ್ಕಿಂತ ಕೆಳಗೆ ಇಳಿಸಬೇಡಿ.

ಇಷ್ಟು ಹಟ ಯಾಕೆ ಅಂದರೆ, ನಾನೇ ಇಳಿಸಿದ್ದೆ. ನಮ್ಮಲ್ಲಿ ಒಂದು ಹಳೇ ಪ್ರಿಂಟರ್ ಇತ್ತು. ರೂಟರ್ ಬದಲಿಸಿದ ರಾತ್ರಿ ಅದು ಕನೆಕ್ಟ್ ಆಗಲೇ ಇಲ್ಲ. ಪಾಸ್‌ವರ್ಡ್ ಐದು ಸಲ ಒತ್ತಿದೆ, ಊಹೂಂ. ಅದಕ್ಕೆ ಗೊತ್ತಿದ್ದದ್ದು ಡಬ್ಲ್ಯುಇಪಿ ಒಂದೇ, ಅಂದರೆ 2001ರಲ್ಲೇ ಒಡೆಯುವ ದಾರಿ ಬಯಲಾದ, ಈಗ ಕೆಲವೇ ನಿಮಿಷದಲ್ಲಿ ಬಿಚ್ಚಿಕೊಳ್ಳುವ ಬೀಗ. ಇದೆಲ್ಲ ಗೊತ್ತಿದ್ದೂ, ಬೆಳಗ್ಗೆ ಬೇಕಿದ್ದ ನಾಲ್ಕು ಹಾಳೆಗಾಗಿ ಇಡೀ ಮನೆಯ ವೈ-ಫೈಯನ್ನು ಡಬ್ಲ್ಯುಇಪಿಗೆ ಇಳಿಸಿ, ನಾಳೆ ಸರಿ ಮಾಡೋಣ ಅಂತ ಮಲಗಿದೆ. ಆ ನಾಳೆ ಬಂದದ್ದು ಎಂಟು ತಿಂಗಳಿಗೆ! ಅಷ್ಟೂ ದಿನ ನನ್ನ ಫೋನು 'ಭದ್ರತೆ ದುರ್ಬಲ' ಅಂತ ತೋರಿಸುತ್ತಲೇ ಇತ್ತು. ನೆಟ್ ಬೇರೆ ನಿಧಾನ. ಇಂಟರ್ನೆಟ್ ಕೊಟ್ಟವರಿಗೆ ಸುಮ್ನೆ ಬೈದೆ, ಪಾಪ. ಡಬ್ಲ್ಯುಇಪಿ ಹಾಕಿದರೆ ವೈ-ಫೈ 54 ಎಂಬಿಪಿಎಸ್‌ಗಿಂತ ಮೇಲೆ ಹೋಗುವುದೇ ಇಲ್ಲ, ತಪ್ಪು ನನ್ನದೇ. ಕೊನೆಗೆ ರೂಟರಿನ ಪುಟ ತೆರೆದು ನೋಡಿದರೆ ಪಟ್ಟಿಯಲ್ಲಿ ನಮ್ಮದಲ್ಲದ ಎರಡು ಫೋನು. ಎಲ್ಲ ಬದಲಿಸಿ, ಟಿವಿಯಿಂದ ಬಲ್ಬಿನ ತನಕ ಮತ್ತೆ ಸೇರಿಸಲು ಅರ್ಧ ದಿನ ಹಿಡಿಯಿತು. ಪ್ರಿಂಟರ್? ಯುಎಸ್‌ಬಿ ಕೇಬಲ್ ಚುಚ್ಚಿದ ಕೂಡಲೇ ಕೆಲಸ ಮಾಡಿತು. ಆ ಕೇಬಲ್ ಮೊದಲ ದಿನದಿಂದ ಡ್ರಾಯರಿನಲ್ಲೇ ಇತ್ತು.

ಹಾಗಾಗಿ ಮತ್ತೆ ಹೇಳುತ್ತೇನೆ, ಇಳಿಸಬೇಡಿ. ಹೊಸ ಬಲ್ಬು, ಕ್ಯಾಮೆರಾ ಸೇರದಿದ್ದರೆ ಮೊದಲು ರೂಟರಿನಲ್ಲಿ 2.4 ಗಿಗಾಹರ್ಟ್ಸ್ ಅನ್ನುವ ವೈ-ಫೈ ತರಂಗ ಆನ್ ಇದೆಯಾ ನೋಡಿ, ಅವುಗಳಲ್ಲಿ ಎಷ್ಟೋ 5 ಗಿಗಾಹರ್ಟ್ಸ್‌ಗೆ ಬರುವುದೇ ಇಲ್ಲ. ಡಬ್ಲ್ಯುಪಿಎ3 ಒಂದೇ ಇಟ್ಟಿದ್ದರೆ ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆಗೆ ಬನ್ನಿ. ಅಲ್ಲಿಗೆ ನಿಲ್ಲಿ.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಕತೆ ಜಾಸ್ತಿ ಆಯಿತು ಅಲ್ವಾ? ಬೇಗ ಹೇಳುತ್ತೇನೆ. ಪಾಸ್‌ವರ್ಡ್ 63 ಅಕ್ಷರದವರೆಗೂ ಇಡಬಹುದು, ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಜೋಡಿಸಿ. ಡಬ್ಲ್ಯುಪಿಎಸ್, ಅಂದರೆ ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸೇರಿಸುವ ಸೌಲಭ್ಯ, ಆಫ್ ಮಾಡಿ. ಅದರ 8 ಅಂಕಿಯ ಪಿನ್ನನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ 11,000 ಪ್ರಯತ್ನದೊಳಗೆ ಸಿಕ್ಕಿಬಿಡುತ್ತದೆ. ನೆಟ್‌ವರ್ಕಿನ ಹೆಸರು ಬಚ್ಚಿಡುವುದು ದಂಡ. ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬೇರೆಯೇ ಇರುತ್ತದೆ, ಅದು ಇನ್ನೂ 'ಅಡ್ಮಿನ್' ಅಂತಲೇ ಇದ್ದರೆ ಈ ರೇಡಿಯೋ ಆರಿಸಿದ ಕೂಡಲೇ ಬದಲಿಸಿ. ನಮಸ್ಕಾರ.