ಬೇಡ ಅಂದರೂ ಕಟ್ಟಿದರು: ಯುದ್ಧಕಾಲದ ಕ್ಯಾಂಪುಗಳಲ್ಲಿ ದುಡ್ಡು ಹೇಗೆ ಪೋಲಾಗುತ್ತದೆ?

ನಮಸ್ಕಾರ, ತುಮಕೂರಿನಿಂದ.

ಮನೆ ಕಟ್ಟಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಚದರಕ್ಕೆ ಇಷ್ಟು ಅಂತ ಮಾತಾಡಿ ಕೊಟ್ಟರೆ ಸಿಮೆಂಟ್ ಮೂಟೆಯ ಲೆಕ್ಕ ಮೇಸ್ತ್ರಿಯೇ ಇಡುತ್ತಾನೆ. "ಎಷ್ಟಾದರೂ ಆಗಲಿ, ಬಿಲ್ ತಂದುಕೊಡು, ನಿನ್ನ ಫೀಸು ಬೇರೆ ಕೊಡುತ್ತೇನೆ" ಅಂದರೆ? ಮೂಟೆ ಮಳೆಯಲ್ಲಿ ನೆಂದು ಕಲ್ಲಾದರೂ ಅವನ ಜೇಬಿಂದ ಒಂದು ರೂಪಾಯಿ ಹೋಗುವುದಿಲ್ಲ.

1940ರಲ್ಲಿ ಅಮೆರಿಕದ ಸೇನೆ ಕ್ಯಾಂಪುಗಳನ್ನು ಕಟ್ಟಿಸಿದ್ದು ಈ ಎರಡನೇ ಥರ. ಕಡ್ಡಾಯ ಭರ್ತಿ ಶುರುವಾಗಿತ್ತು, ಬರುವ ಹುಡುಗರಿಗೆ ಮಲಗಲು ಜಾಗ ಬೇಕಿತ್ತು, ಟೆಂಡರ್ ಕರೆದು ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ. ಖರ್ಚೆಲ್ಲ ಸರ್ಕಾರದ್ದು, ಗುತ್ತಿಗೆದಾರನಿಗೆ ನಿಗದಿ ಫೀಸು.

ಮಿಸೌರಿಯ ಫೋರ್ಟ್ ಲಿಯೊನಾರ್ಡ್ ವುಡ್ ಕ್ಯಾಂಪಿನ ಬಗ್ಗೆ ಜನ ತಮ್ಮ ಸೆನೆಟರ್‌ಗೆ ದೂರು ಬರೆದರು. ಆ ಸೆನೆಟರ್ ಹ್ಯಾರಿ ಟ್ರೂಮನ್. ಅವರು ತಮ್ಮ ಕಾರು ಹತ್ತಿ ತಾವೇ ನೋಡಲು ಹೊರಟರು. ಮರದ ಹಲಗೆಗಳು ಬಯಲಲ್ಲಿ ಬಿದ್ದು ಹಾಳಾಗುತ್ತಿದ್ದವು. ಆಳುಗಳು ಕೆಲಸವಿಲ್ಲದೆ ಸುಮ್ನೆ ನಿಂತು ಕೂಲಿ ತಗೊಳ್ಳುತ್ತಿದ್ದರು. 1941ರ ಮಾರ್ಚ್‌ನಲ್ಲಿ ಸೆನೆಟ್ ಅವರ ಕೈಗೆ ಒಂದು ತನಿಖಾ ಸಮಿತಿ ಕೊಟ್ಟಿತು, ಖರ್ಚಿಗೆ ಬರೀ 15,000 ಡಾಲರ್. ಯುದ್ಧದ ಹೊತ್ತಲ್ಲಿ ಲೆಕ್ಕ ಕೇಳುವುದು ಸೈನಿಕರಿಗೆ ದ್ರೋಹ ಅನ್ನುವವರು ಇವತ್ತೂ ಇದ್ದಾರಲ್ವಾ? ಟ್ರೂಮನ್ ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಕ್ಯಾಪ್ಟನ್ ಆಗಿದ್ದವರು. ಕ್ಯಾಂಪಿನ ಹಲಗೆ ಕೊಳೆತರೆ ನಷ್ಟ ಯಾರಿಗೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗ ಅಫ್ಘಾನಿಸ್ತಾನಕ್ಕೆ ಬನ್ನಿ. ಹೆಲ್ಮಂಡ್ ಪ್ರಾಂತ್ಯ, ಅಮೆರಿಕ ಸೇನೆಯ ಕ್ಯಾಂಪ್ ಲೆದರ್‌ನೆಕ್. ಅಲ್ಲೊಂದು ಕಮಾಂಡ್ ಕಟ್ಟಡ, 64,000 ಚದರ ಅಡಿ. ನಮ್ಮ ಲೆಕ್ಕದಲ್ಲಿ 640 ಚದರ, ಅಂದರೆ 30-40 ಸೈಟು ಐವತ್ತಕ್ಕೂ ಜಾಸ್ತಿ. ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿ ಹಾಕಿದ ದೊಡ್ಡ ಹಾಲು, ಎಸಿ, ಎಲ್ಲವೂ ಇತ್ತು. ವೈರಿಂಗ್ ಮಾತ್ರ ಅಮೆರಿಕದ ವೋಲ್ಟೇಜಿಗೆ ಮಾಡಿದ್ದು. ಮುಂದೆ ಅಫ್ಘನ್ನರಿಗೆ ಬಿಟ್ಟುಕೊಟ್ಟರೂ ಅವರ ಸಾಮಾನು ಅಲ್ಲಿ ನೇರವಾಗಿ ಓಡುತ್ತಿರಲಿಲ್ಲ. ಖರ್ಚು ಸುಮಾರು 3.6 ಕೋಟಿ ಡಾಲರ್.

ನನಗೆ ತುಂಬಾ ನೋವು ಕೊಟ್ಟ ವಿಷಯ ಬೇರೆ. 2010ರಲ್ಲೇ, ಕೆಲಸ ಶುರುವಾಗುವ ಮೊದಲೇ, ಅಲ್ಲಿನ ಸೇನಾಧಿಕಾರಿಯೇ ಇದು ನಮಗೆ ಬೇಡ, ರದ್ದು ಮಾಡಿ ಅಂತ ಕೇಳಿದ್ದರು. ಮೇಲಿನವರು ಒಪ್ಪಲಿಲ್ಲ. ಸಂಸತ್ತು ದುಡ್ಡು ಮಂಜೂರು ಮಾಡಿಯಾಗಿದೆ, ಈಗ ಬೇರೆ ಕಡೆ ತಿರುಗಿಸುವುದು ಸರಿಯಲ್ಲ ಅನ್ನುವುದು ಅವರ ವಾದ. ಮಾರ್ಚ್ ಬಂತೆಂದರೆ ನಮ್ಮ ಆಫೀಸುಗಳಲ್ಲಿ "ಗ್ರಾಂಟ್ ಲ್ಯಾಪ್ಸ್ ಆಗಿಬಿಡುತ್ತೆ, ಬೇಗ ಖರ್ಚು ಮಾಡಿ" ಅನ್ನುತ್ತಾರಲ್ಲ, ಹತ್ತಿರ ಹತ್ತಿರ ಅದೇ ಮಾತು.

ಕಟ್ಟಿದರು. 2014ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೈನಿಕರು ಆ ಕ್ಯಾಂಪ್ ಬಿಟ್ಟು ಹೊರಟರು. ಆ ಕಟ್ಟಡವನ್ನು ಅವರು ಒಂದು ದಿನವೂ ಬಳಸಿರಲಿಲ್ಲ.