ಬೆಂಚಿನ ಮೇಲಿನ ಎರಡು ಗಂಟೆ

ಕೇಳುಗರಿಗೆ ನಮಸ್ಕಾರ. ಬಸುರಿಯರ ಸಕ್ಕರೆ ಕಾಯಿಲೆ ನೋಡಿಕೊಳ್ಳುವುದನ್ನು ಕಲಬುರಗಿ ಜಿಲ್ಲೆಯ ನರ್ಸುಗಳಿಗೆ ಕಲಿಸುವವಳು ನಾನು. ನನ್ನ ಪಾಠ ಶುರುವಾಗುವುದೇ ಒಂದು ಲೋಟ ನೀರಿನಿಂದ. 300 ಮಿಲಿ ನೀರಿಗೆ 75 ಗ್ರಾಂ ಗ್ಲೂಕೋಸ್ ಕಲಸಿ, ತಮಗೆ ಸಕ್ಕರೆ ಕಾಯಿಲೆ ಇಲ್ಲದ ನರ್ಸುಗಳಿಗೆಲ್ಲ ಕುಡಿಯಲು ಕೊಡುತ್ತೇನೆ. ಎರಡು ಗುಟುಕಿಗೇ ಮುಖ ಕಿವುಚುತ್ತಾರೆ. ಚಿತ್ತಾಪುರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಬಸುರಿ ಸಕ್ಕರೆ ಪರೀಕ್ಷೆಗೆ ಇದನ್ನೇ ಐದು-ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು, ಅಲ್ವಾ? ಅರ್ಧ ಗಂಟೆಯೊಳಗೆ ವಾಂತಿಯಾದರೆ ನಾಳೆ ಮತ್ತೆ ಬರಬೇಕು. ಅದನ್ನು ಗದರದೆ ಹೇಳುವುದು, ಲೋಟ ಖಾಲಿ ಮಾಡಿದ ನರ್ಸಿಗೆ ತಾನಾಗೇ ಬರುತ್ತದೆ.

ಊಟ ಮಾಡಿ ಬಂದರೂ ಈ ಪರೀಕ್ಷೆ ಆಗುತ್ತದೆ. ಗ್ಲೂಕೋಸ್ ಕುಡಿದು ಎರಡು ಗಂಟೆ ಬಿಟ್ಟು ರಕ್ತ ನೋಡಿದಾಗ 140 ಅಥವಾ ಜಾಸ್ತಿ ಬಂದರೆ ಸಕ್ಕರೆ ಇದೆ ಅಂತ. ಮೊದಲ ಸಲ ಸರಿ ಇದ್ದರೂ 24ರಿಂದ 28ನೇ ವಾರದೊಳಗೆ ಮತ್ತೆ ನೋಡಲೇಬೇಕು.

ಆ ಎರಡು ಗಂಟೆ ಬಸುರಿ ಬೆಂಚಿನ ಮೇಲೆ ಸುಮ್ನೆ ಕೂತಿರುತ್ತಾಳೆ, ಪಕ್ಕದಲ್ಲಿ ಅತ್ತೆ. ಇಬ್ಬರೂ ಒಟ್ಟಿಗೆ ಅಷ್ಟು ಹೊತ್ತು ಮತ್ತೆ ಯಾವಾಗ ಸಿಗುತ್ತಾರೆ? ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ ಎನ್ನುತ್ತೇನೆ. ಮುಂಜಾನೆ ಏನು ತಿಂದಿರಿ ಎಂದು ಕೇಳಿ. "ರೊಟ್ಟಿ ಬಿಡಬೇಕೇನ್ರೀ ಸಿಸ್ಟರ್?" ಎಂದು ಅತ್ತೆಯೇ ಬಾಯಿ ಬಿಡುತ್ತಾರೆ. ಬಿಡುವುದು ಬೇಡ. ಜೋಳದ ರೊಟ್ಟಿಯೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದೆ. ಒಂದೇ ಸಲ ಮೂರು ತಿನ್ನುವವಳು ಎರಡು ಹೊತ್ತಿಗೆ ಹಂಚಿಕೊಳ್ಳಲಿ. ಜೊತೆಗೆ ಬೇಳೆ, ಪುಂಡಿಪಲ್ಯ, ಮೊಳಕೆ ಹೆಸರುಕಾಳು ಇರಲಿ. ಸಕ್ಕರೆ ಹಾಕಿದ ಚಹಾ ಬಿಡಬೇಕು. ಆದರೆ ಹೆದರಿ ಉಪವಾಸ ಇರುವುದು ಖಂಡಿತ ಬೇಡ.

ಎರಡು ವಾರ ಹೀಗೆ ಪಥ್ಯ ಮಾಡಿದರೂ, ಊಟವಾಗಿ ಎರಡು ಗಂಟೆಗೆ 120 ಅಥವಾ ಜಾಸ್ತಿ ಇದ್ದರೆ ಡಾಕ್ಟರು ಔಷಧ ಶುರು ಮಾಡುತ್ತಾರೆ. ಸೂಜಿ ಎಂದ ಕೂಡಲೇ ಮನೆಯವರು ಕೂಸಿನ ಬಗ್ಗೆ ಹೆದರುತ್ತಾರೆ. ಇನ್ಸುಲಿನ್ ಮಾಸು ದಾಟಿ ಕೂಸಿಗೆ ಹೋಗುವುದಿಲ್ಲ, ಅದನ್ನು ಬಿಡಿಸಿ ಹೇಳಬೇಕು. ನನಗೆ ಹೆದರಿಕೆ ಇರುವುದು ಸಿರಿಂಜಿನದು. 40 ಎಂದು, ಅಂದರೆ ಒಂದು ಮಿಲಿಯಲ್ಲಿ 40 ಯೂನಿಟ್ ಎಂದು, ಬರೆದ ಇನ್ಸುಲಿನ್ ಸೀಸೆಗೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಅದೇ ಸೀಸೆಯಿಂದ 100ರ ಸಿರಿಂಜಿನಲ್ಲಿ ಹತ್ತರ ಗೆರೆವರೆಗೆ ಎಳೆದರೆ ಒಳಗೆ ಬರುವುದು ನಾಲ್ಕೇ ಯೂನಿಟ್. ತರಬೇತಿಯಲ್ಲಿ ಇದನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿಯೇ ಬಿಡುತ್ತೇನೆ.

ಹೆರಿಗೆಯಾದ ಆರು ವಾರಕ್ಕೆ ತಾಯಿಯ ಸಕ್ಕರೆ ಮತ್ತೆ ನೋಡಬೇಕು. ಆಗ ಬಾಣಂತಿ ತವರುಮನೆಯಲ್ಲಿ ಇರುತ್ತಾಳೆ, ಪರೀಕ್ಷೆ ತಪ್ಪಿಹೋಗುತ್ತದೆ. ಅದಕ್ಕೇ ಬೆಂಚಿನ ಮೇಲೆ ಕೂತಾಗಲೇ ತವರೂರಿನ ಹೆಸರು, ಅವಳ ಅವ್ವನ ಫೋನ್ ನಂಬರ್ ಕೇಳಿ ತಾಯಿ ಕಾರ್ಡಿನಲ್ಲಿ ಬರೆದಿಡಿ. ಆರನೇ ವಾರಕ್ಕೆ ಫೋನ್ ಹಚ್ಚಿ.